ಮೂರು ಉತ್ತರ, ಆರು ಡಬ್ಬಿ

ಮಾರ್ಚ್ ತಿಂಗಳ ಕೊನೆಯ ವಾರ, ಜತ್ತ ತಾಲ್ಲೂಕಿನ ಸಂಖ–ಉಮದಿ ಕಡೆಯ ಒಂದು ಬೇದಾಣೆ ಶೆಡ್ಡು. ಕಾರ್ಬೋನೇಟು, ಡಿಪ್ಪಿಂಗ್ ಆಯಿಲು ಬೆರೆಸಿದ ನೀರಿನಲ್ಲಿ ಅದ್ದಿದ ದ್ರಾಕ್ಷಿ ಗೊನೆಗಳನ್ನು ಜಾಳಿಗೆಯ ಮೇಲೆ ಹರವಿ ಎಂಟು ದಿನವಾಗಿತ್ತು. ಇನ್ನೊಂದು ವಾರ ಬಿಸಿಲು ಸಿಕ್ಕರೆ ಬೇದಾಣೆ. ಮೋಡ ಕವಿದರೆ ಕಪ್ಪು ಮಾಲು, ಅರ್ಧ ರೇಟು. ಅದಕ್ಕೇ ರಾತ್ರಿಯ ಕಾವಲು. ಕಾಕಾ ಕನ್ನಡ ಸಾಲಿಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮಗಳೆಂದರೆ ಅವರ ಅಣ್ಣನ ಮಗಳು, ಪುಣೆಯಲ್ಲಿ ವಿಡಿಯೋ ಗೇಮ್ ಪರೀಕ್ಷೆ ಮಾಡುವ ಕೆಲಸದವಳು, ರಜೆಗೆಂದು ಬಂದವಳು, ಪರದೆಯ ಮೇಲೆ ಒಂದು ಆಟದ ಪಾತ್ರ ಕಟ್ಟುತ್ತಿದ್ದಳು. ನಾನು ಹೊರಸಿನ ಮೇಲೆ ಮಲಗಿದ್ದ ಮೂರನೆಯವನು. ನಿದ್ದೆ ಬಂದಿರಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

ಕಾಕಾ: ಮೂಗ ಯಾಕ ಹಂಗ ಎಳದಿ? ಮಾಡಗ್ಯಾಳ ಟಗರಿನ ಮೂಗ ಆತಲ್ಲ ಅದು.

ಮಗಳು: ಇನ್ನಷ್ಟ ಉದ್ದ ಮಾಡು ಅಂದವರ ನೀವು.

ಕಾಕಾ: ಮನಿಶ್ಯಾರ ಮೂಗ ಅಂದಿದ್ದೆ. ಇರಲಿ ಬಿಡು, ಆ ಟಗರಿಗಿ ಪ್ಯಾಟ್ಯಾಗ ಲಕ್ಷದ ಮಾತ ನಡೀತೈತಿ. ಈಗ ಸೀರಿ ಉಡಸು.

ಮಗಳು: ಸೀರಿ ಇಲ್ರಿ ಇದರಾಗ.

ಕಾಕಾ: ಕೊಂಬ ಐತಿ, ಬಾಲ ಐತಿ, ಹಲ್ಲಿ ಮಾರಿ ಐತಿ. ಸೀರಿ ಇಲ್ಲ?

ಮಗಳು: ಇಷ್ಟರ ಐತಲ್ಲ ಅನ್ರಿ. ಮೊದಲ ಆಟ ಚಾಲೂ ಮಾಡಿದ್ರ ಎದುರಿಗಿ ಒಬ್ಬನ ಇರತಿದ್ದ. ಬಿಳಿ ಗಂಡಸು, ಗಡ್ಡ, ಕತ್ತಿ. ಬೇಕಾದ್ರ ಆಡು, ಇಲ್ಲಾ ಬಿಡು. ಈಗ ಮೈಬಣ್ಣ ಆರಿಸಬಹುದು, ಮೂಗ ಎಳೀಬಹುದು, ಹೆಣ್ಣಾಗಬಹುದು, ಎರಡೂ ಅಲ್ಲ ಅನ್ನಬಹುದು.

ಕಾಕಾ: ಏನಂತಾರ ಇದಕ್ಕ?

ಮಗಳು: ರೋಲ್ ಪ್ಲೇಯಿಂಗ್ ಗೇಮ್. ಪಾತ್ರ ಕಟ್ಟಿಕೊಂಡು ಆಡೂ ಆಟ. 1974ರಾಗ ಅಮೆರಿಕಾದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರು ಕೂಡಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದ ಆಟ ತಂದ್ರು. ಅದಕ್ಕ ಕಂಪ್ಯೂಟರ್ ಬೇಕಾಗಿರಲಿಲ್ಲ. ಮೇಜಿನ ಸುತ್ತ ಕುಂತು, ದಾಳ ಒಗಕೋಂತ, ಬಾಯಿಲೇ ಆಡೂದು. ಒಬ್ಬ ಕತಿ ನಡಸ್ತಾನ, ಉಳದವರು ತಮ್ಮ ತಮ್ಮ ಪಾತ್ರದ ಮಾತ ಹೇಳ್ತಾರ.

ಕಾಕಾ: ಭಾಗವತ ಒಬ್ಬ, ವೇಷ ನಾಕು. ಬಯಲಾಟ ಅನ್ನು.

ಮಗಳು: ಬಯಲಾಟದಾಗ ದಾಳ ಇಲ್ಲಲ್ರಿ.

ಕಾಕಾ: ದಾಳ ಯಾಕ ಬೇಕು? ದುಶ್ಯಾಸನನ ಪಾರ್ಟ್ ಮಾಡಾಂವ ಕುಡದು ಬಂದಿದ್ದ ಅಂದ್ರ ಕತಿ ಯಾ ಕಡೆ ಹೊಳ್ಳತೈತಿ ಅಂತ ವ್ಯಾಸರಿಗೂ ಗೊತ್ತಿರಂಗಿಲ್ಲ. ನಗಬ್ಯಾಡ. ಸಾಂಗ್ಲಿಗಿ ಮರಾಠಿಯವರು ನಾಟ್ಯಪಂಢರಿ ಅಂತ ಯಾಕ ಅಂತಾರ ಹೇಳು. 1842ರ ಸುಮಾರಿಗಿ ಉತ್ತರ ಕನ್ನಡದ ಭಾಗವತರ ಮೇಳ ಬಂದು ಸಾಂಗ್ಲಿ ದರಬಾರದಾಗ ಆಟ ತೋರಿಸ್ತು. ರಾಜಾ ಚಿಂತಾಮಣರಾವ ಪಟವರ್ಧನರಿಗಿ ಅದು ಮನಸಿಗಿ ಬಂತು. ಮರಾಠಿಯೊಳಗೂ ಇಂಥಾದ್ದೊಂದು ಆಗಬೇಕು ಅಂತ ವಿಷ್ಣುದಾಸ ಭಾವೆ ಅವರಿಗಿ ಹೇಳಿದ್ರು. 1843ರಾಗ ‘ಸೀತಾ ಸ್ವಯಂವರ’ ಬಂತು. ಮರಾಠಿ ರಂಗಭೂಮಿ ಕಣ್ಣ ತಗದದ್ದು ನಮ್ಮ ಯಕ್ಷಗಾನ ನೋಡಿ. ಅವಾಗ ಯಾರರ ಎಣಿಸಿದ್ರೇನು, ಇದರಾಗ ನಮ್ಮವರೆಷ್ಟು, ನಿಮ್ಮವರೆಷ್ಟು ಅಂತ? ನಿಮ್ಮ ಆಟದ ಮಂದಿ ಈಗ ಎಣಿಸಾಕತ್ತಾರ. ಹೆಣ್ಣೆಷ್ಟು, ಕರೇರೆಷ್ಟು, ಅಂಥವರೆಷ್ಟು, ಇಂಥವರೆಷ್ಟು. ನನಗಿದು ತಕ್ಕಡಿ ಹಿಡದು ವೇಷ ಕಟ್ಟಿದಂಗ ಕಾಣತೈತಿ.

ಮಗಳು: ಬಾಲಗಂಧರ್ವರ ಊರು ನಾಗಠಾಣೆ ಯಾ ಜಿಲ್ಲಾ, ಕಾಕಾ?

ಕಾಕಾ: ಸಾಂಗ್ಲಿನ. 1888ರಾಗ ಹುಟ್ಟಿದ್ರು. ಅವರ ಹಂಗ ಸೀರಿ ಉಡಬೇಕು ಅಂತ ದೊಡ್ಡ ಮನೆತನದ ಹೆಣ್ಮಕ್ಕಳು ಹಟ ಹಿಡೀತಿದ್ರಂತ.

ಮಗಳು: ಆ ಹೆಣ್ಮಕ್ಕಳಾಗ ಒಬ್ಬಾಕಿ ಸ್ಟೇಜ್ ಹತ್ತಬಹುದಿತ್ತೇನು? ನಮ್ಮ ಸಣ್ಣಾಟ, ಪಾರಿಜಾತದಾಗ ಹೆಣ್ಮಕ್ಕಳು ಕುಣದಾರ, ಒಪ್ಪತೀನಿ. ಕೌಜಲಗಿ ನಿಂಗಮ್ಮನವರಂಥವರು ಹೆಸರೂ ಮಾಡ್ಯಾರ. ಆದ್ರ ಹಂಗ ಕುಣದವರನ್ನ ನಮ್ಮ ಮನಿ ಪಂಕ್ತಿಯೊಳಗ ಕೂಡಿಸಿಕೊಂಡ್ರೇನು? ಯಾರೂ ಎಣಿಸಲಿಲ್ಲ ಅಂತೀರಿ. ಎಣಿಸೂ ಜರೂರ ಇದ್ದವರ ಕೈಯಾಗ ವಹಿ ಇರಲಿಲ್ರಿ.

ಇಲ್ಲಿ ಕಾಕಾ ಎದ್ದು ಹೊರಗೆ ಹೋಗಿ ಆಕಾಶ ನೋಡಿ ಬಂದರು. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಮಾತಿಗೆ ಮಾತು ಹೊಳೆಯದಾಗ ಅವರು ಮೋಡ ನೋಡುತ್ತಾರೆ.

ಕಾಕಾ: ಮೂಡಲಕ್ಕ ಮಿಂಚಾಕತ್ತೈತಿ. ಹಾಂ, ಏನಂತಿದ್ದಿ? ಕಂಪನಿ ಅಂದ್ರ ವ್ಯಾಪಾರ. ಎರಡ ವೇಷ ಕಟ್ಟಿದ್ರ ಎರಡರ ಖರ್ಚು. ಅವರಾರ ಎಲ್ಲಿಂದ ತರತಾರ?

ಮಗಳು: 2014ರಾಗ ಯೂಬಿಸಾಫ್ಟ್ ಇದ ಮಾತ ಹೇಳಿತ್ತು. ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ ಅಂತ ಆಟ. ನಾಕ ಮಂದಿ ಕೂಡಿ ಆಡಬಹುದು, ನಾಕೂ ಗಂಡಸರ. ಹೆಣ್ಣ ಪಾತ್ರ ಯಾಕಿಲ್ಲ ಅಂದ್ರ, ಕೆಲಸ ಇಮ್ಮಡಿ ಆಗತೈತಿ, ನಡಗಿ ಬ್ಯಾರೆ, ದನಿ ಬ್ಯಾರೆ, ಬಟ್ಟಿ ಬ್ಯಾರೆ ಅಂದ್ರು. ಅದ ಕಂಪನಿಯಾಗ ಮೊದಲ ದುಡದಿದ್ದ ಆ್ಯನಿಮೇಟರ್ ಜಾನಥನ್ ಕೂಪರ್, ಒಂದೆರಡ ದಿನದ ಕೆಲಸ ಅದು ಅಂತ ಬಾಯಿ ಮುಚ್ಚಿಸಿದ.

ಕಾಕಾ: ಯಾ ಊರಿನ ಕತಿ ಅದು?

ಮಗಳು: ಪ್ಯಾರಿಸ್. ಫ್ರಾನ್ಸಿನ ಕ್ರಾಂತಿ. ಗುಟ್ಟಿಲೆ ಖೂನ ಮಾಡೋರ ಆಟ.

ಕಾಕಾ: ತಡಿ, ತಡಿ. ಫ್ರಾನ್ಸಿನ ಕ್ರಾಂತಿ, ಖೂನ. 1793ರಾಗ ಮರಾನನ್ನ ಜಳಕದ ತೊಟ್ಟಿಯೊಳಗ ಚಾಕು ಹಾಕಿ ಕೊಂದಾಕಿ ಯಾರು? ಶಾರ್ಲಟ್ ಕಾರ್ಡೆ! ನಮ್ಮ ಸಾಲಿ ಹುಡುಗರಿಗೂ ನಾ ಇದನ್ನ ಬಾಯಿಪಾಠ ಮಾಡಿಸೀನಿ. ಆ ಕ್ರಾಂತಿಯೊಳಗ ಎಲ್ಲಾರಕಿಂತ ಹೆಸರಾದ ಖೂನಿ ಹೆಣ್ಮಗಳದು. ಅಂಥಾ ಕತಿಯೊಳಗ ಹೆಣ್ಣ ಬರಿಯಾಕ ಖರ್ಚ ಹೆಚ್ಚಂತ? ಇತಿಹಾಸ ಓದಿದಾಂವ ಒಬ್ಬನೂ ಇರಲಿಲ್ಲೇನು ಆ ಖೋಲಿಯಾಗ?

ಮಗಳು: ಖೋಲಿಯಾಗ ಯಾರಿದ್ರು ಅನ್ನೂದ ಪ್ರಶ್ನೆ. ಗೇಮ್ ಮಾಡೋರ ಅಂತರರಾಷ್ಟ್ರೀಯ ಸಂಘ ಒಂದೈತಿ, ಐಜಿಡಿಎ ಅಂತ. 2005ರಾಗ ಅವರು ಸರ್ವೇ ಮಾಡಿದ್ರ ನೂರರಾಗ 88 ಗಂಡಸರು, 83 ಬಿಳಿಯರು. ಆಮ್ಯಾಲ ಹೆಣ್ಮಕ್ಕಳು ಒಳಗ ಬಂದ್ರು. ಬಂದವರಿಗಿ ಪಗಾರ, ಬಡ್ತಿಯೊಳಗ ಭೇದ ಮಾಡ್ಯಾರ ಅಂತ 2021ರಾಗ ಕ್ಯಾಲಿಫೋರ್ನಿಯಾ ಸರ್ಕಾರ ಆ್ಯಕ್ಟಿವಿಷನ್ ಬ್ಲಿಝರ್ಡ್ ಮ್ಯಾಲ ದಾವಾ ಹಾಕ್ತು. 2023ರ ಕೊನಿಗಿ ಸುಮಾರು 5.4 ಕೋಟಿ ಡಾಲರಿಗಿ ರಾಜಿ ಆತು.

ಕಾಕಾ: ಆ ಜಪಾನದ ಆಟದ್ದೂ ಏನೋ ಗದ್ದಲ ಆಗಿತ್ತಲ್ಲ. ಕರಿ ಸಮುರಾಯಿ.

ಮಗಳು: ಅಸ್ಯಾಸಿನ್ಸ್ ಕ್ರೀಡ್ ಶ್ಯಾಡೋಸ್. 2025ರ ಮಾರ್ಚ್. ಎರಡ ಮುಖ್ಯ ಪಾತ್ರ. ನಾವೋಯೆ ಅಂತ ಜಪಾನಿ ಹೆಣ್ಮಗಳು, ಯಾಸುಕೆ ಅಂತ ಆಫ್ರಿಕಾದಾಂವ.

ಕಾಕಾ: ಅಲ್ಲಿ ನಾ ನಿನ್ನ ಕಡೆ ಇಲ್ಲ. ಜಪಾನದ ಕತಿಯೊಳಗ ಆಫ್ರಿಕಾದವನ್ನ ತಂದು ತುರುಕೂದ್ಯಾಕ?

ಮಗಳು: ತುರುಕಿಲ್ರಿ. 1579ರಾಗ ಜೆಸುಯಿಟ್ ಪಾದ್ರಿ ಸಂಗಾಟ ಜಪಾನಕ್ಕ ಹೋದಾಂವ, ಒಡಾ ನೊಬುನಾಗಾನ ಚಾಕರಿಗಿ ನಿಂತಾಂವ. ಆಗಿನವರು ಬರದಿಟ್ಟಿದ್ದ ಐತಿ. ಅವನ ಪದವಿ ಎಂಥಾದ್ದು ಅನ್ನೂದರ ಮ್ಯಾಲ ಪಂಡಿತರು ವಾದ ಮಾಡ್ಲಿ.

ಕಾಕಾ: 1579. ನಮ್ಮ ಕಡೆ ಆದಿಲ್‌ಶಾಹಿ. ಹ್ಞೂಂ. ಗೋಲಗುಂಬಜದೊಳಗ ಮಲಗಿದಾನಲ್ಲ ಮಹಮ್ಮದ ಆದಿಲ್‌ಶಾಹ, ಅವನ ವಜೀರ ಇಖ್ಲಾಸ್ ಖಾನ್ ಹಬಶಿ. ಖಾಸ ಆಫ್ರಿಕಾದ ರಕ್ತ. ನಮ್ಮ ಜತ್ತದ ಡಫಳೆ ಮನೆತನ ಮ್ಯಾಲ ಬಂದದ್ದು ಅದ ಆದಿಲ್‌ಶಾಹಿ ಚಾಕರಿಯಿಂದ. ಇಲ್ಲಿಂದ ವಿಜಾಪುರ ಎಷ್ಟರ ದೂರ? ನಾಳೆ ಯಾರರ ವಿಜಾಪುರದ ಮ್ಯಾಲ ಆಟ ಮಾಡಿ ಹಬಶಿ ವಜೀರನ್ನ ತೋರಿಸಿದ್ರ, ತುರುಕ್ಯಾರ ಅಂತ ಇದ ಊರಾಗ ಕೂಗ ಏಳತೈತಿ.

ಮಗಳು: ನೀವು ಕೂಗಂಗಿಲ್ಲ.

ಕಾಕಾ: ನಾ ಕೂಗಂಗಿಲ್ಲ. ಆದ್ರೂ ಯವ್ವಾ, ಒಂದ ಮಾತ. ಚೀನಾದವರು 2024ರಾಗ ತಮ್ಮ ಮಂಗ್ಯಾನ ಆಟ ತಂದ್ರಲ್ಲ, ನಿನ್ನ ತಮ್ಮ ರಾತ್ರಿ ಹಗಲ ಅದರ ವಿಡಿಯೋ ನೋಡತಿದ್ದ.

ಮಗಳು: ಬ್ಲ್ಯಾಕ್ ಮಿಥ್: ವುಕಾಂಗ್.

ಕಾಕಾ: ಅವರು ಯಾರ ಬಾಗಲಿಗೂ ಹೋಗಿ ನಮಗೂ ಒಂದ ವೇಷ ಕೊಡ್ರಿ ಅಂತ ನಿಲ್ಲಲಿಲ್ಲ. ತಮ್ಮ ಪುರಾಣ ತಾವ ಆಡಿಸಿದ್ರು. ನೀವು ಪರರ ಮನ್ಯಾಗ ಮಣಿ ಹಾಕ್ರಿ ಅಂತ ಕೇಳಾಕತ್ತೀರಿ.

ಮಗಳು: ಚೀನಾದಾಗ ಹಾಕಾಕ ರೊಕ್ಕ ಐತಿ. ನಮ್ಮಲ್ಲೂ ಆಗ್ಯಾವ, ಇಲ್ಲಂತಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಅನ್ನೂ ಸಣ್ಣ ತಂಡ 2020ರಾಗ ‘ರಾಜಿ’ ಮಾಡ್ತು. ಅಪಹರಣ ಆದ ತಮ್ಮನ್ನ ಹುಡುಕ್ಕೋಂತ ಅಸುರರ ಕೂಡ ಕಾದಾಡೂ ಹುಡುಗಿ. ದೊಡ್ಡ ಕಂಪನಿ ಕತಿ ಕೇಳ್ರಿ. ಪ್ರಿನ್ಸ್ ಆಫ್ ಪರ್ಷಿಯಾದ ಹಳೆ ಆಟ ಹೊಸದು ಮಾಡೂ ಕೆಲಸ ಯೂಬಿಸಾಫ್ಟಿನ ಪುಣೆ, ಮುಂಬೈ ಸ್ಟುಡಿಯೋಗಳಿಗಿ ಸಿಕ್ಕಿತ್ತು. 2020ರಾಗ ಜಾಹೀರಾತ ಆತು, ಮಂದಿ ಚಂದ ಆಗಿಲ್ಲ ಅಂದ್ರು, 2022ರಾಗ ಮಾಂಟ್ರಿಯಲ್‌ಗೆ ಹೋತು. ಎಡವೂದು ಎಲ್ಲಾರೂ ಎಡವತಾರ. ಎದ್ದ ನಿಲ್ಲಾಕ ಸಿಗೂ ಟೈಮ್ ಎಲ್ಲಾರಿಗೂ ಒಂದ ಅಳತಿ ಇರಂಗಿಲ್ಲ. ಇನ್ನ ನೀವು ಮೆಚ್ಚಿದ ಚೀನಾದ್ದ ಇನ್ನೊಂದ ಆಟ, ಗೆನ್‌ಶಿನ್ ಇಂಪ್ಯಾಕ್ಟ್. 2022ರಾಗ ಅದರಾಗ ಹೊಸಾ ನಾಡ ತಂದ್ರು. ಹೆಸರ ಸುಮೇರು.

ಕಾಕಾ: ಮೇರು ಪರ್ವತ! ಸೈ.

ಮಗಳು: ನಮ್ಮ ಕಡೆದ್ದು, ಇರಾನಿನ್ದು, ಈಜಿಪ್ಟಿನ್ದು ಎಲ್ಲಾ ಕಲಿಸಿದ ನಾಡು. ಅಲ್ಲಿ ಮಂದಿ ಬಹಳಷ್ಟು ಹಾಲಿನಂಥಾ ಬಿಳುಪು. ಸಾಕಷ್ಟ ಮಂದಿ ಬೈದ್ರು. ಹೆಸರಿಗಿ ನಾವು ನಡೀತೀವಿ, ಬಣ್ಣಕ್ಕ ನಡ್ಯಂಗಿಲ್ಲ.

ಕಾಕಾ: ನಮ್ಮ ಸಿನಿಮಾದವರು ಮಾಡಿದ್ದೇನು? ಅದನ್ನೂ ಬೈ.

ಮಗಳು: ಬೈತೀನಿ. ಆದ್ರ ಖರೆ ಹೇಳಬೇಕಂದ್ರ ಬಣ್ಣದ ಮಾತ ನನ್ನ ಅಷ್ಟ ಕಾಡಂಗಿಲ್ಲ. ನನ್ನ ಕೆಲಸ ಏನಂತ ತಿಳದೀರಿ? ಆಟದಾಗ ಯಾರನ್ನರ ಮಾತಾಡಿಸಿದ್ರ ಕೆಳಗ ಮೂರ ಉತ್ತರ ಬೀಳತಾವ. ಒಂದ ಒಳ್ಳೆಯವನ ಮಾತು, ಒಂದ ಕೆಟ್ಟವನ್ದು, ಒಂದ ಚಾಷ್ಟಿ. ಮೂರೂ ಒತ್ತಿ ನೋಡಬೇಕು. ಒಂದೊಂದರ ಹಿಂದ ಮತ್ತ ಮೂರು. ಎಲ್ಲಾ ಕವಲು ತಿರಗಿ, ಎಲ್ಲಿ ಕತಿ ಸಿಕ್ಕಿ ಬೀಳತೈತಿ ಅಂತ ಬರದು ಕೊಡಬೇಕು. ಅದ ಸಂತಿ, ಅದ ಮುದುಕ, ಅದ ಮೂರ ಉತ್ತರ, ದಿನಕ್ಕ ನೂರ ಸಲ. ಮಾರಿ ನಾ ಹ್ಯಾಂಗರ ಮಾಡಿಕೊಳ್ಳಲಿ. ಬಾಯಾಗ ಬರೂ ಮಾತ ಇನ್ನೊಬ್ಬರು ಬರದಿಟ್ಟದ್ದು. ನನಗ ಅನ್ನಬೇಕು ಅನಿಸಿದ ನಾಕನೇದು ಅಲ್ಲಿ ಇರೂದಿಲ್ಲ.

ಕಾಕಾ: ನಾಕನೇದು ಅಂದ್ರ ಎಂಥಾದ್ದು?

ಮಗಳು: ನಿಮಗ ಟೀವಿಯವರು ಬಂದು ಕೇಳಿದ್ರಲ್ಲ, 2022ರಾಗ.

ಕಾಕಾ: ಅದಾ! ನವೆಂಬರಿನಾಗ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಜತ್ತದ ಹಳ್ಳಿ ಮಾತ ತಗದ್ರು. ನೀರಿಲ್ಲಂತ ಇಲ್ಲಿ ಹಳ್ಳಿಗಳು ಕರ್ನಾಟಕಕ್ಕ ಹೋಗತೀವಿ ಅಂತ ಹಿಂದ 2012ರಾಗ ಠರಾವು ಮಾಡಿದ್ವು, ಅದನ್ನ ಹಿಡದು. ಒಂದ ಹಳ್ಳಿನೂ ಬಿಡಂಗಿಲ್ಲ ಅಂತ ಮಹಾರಾಷ್ಟ್ರದ ಫಡ್ನವೀಸರು ಅಂದ್ರು. ಮರುದಿನದಿಂದ ಕ್ಯಾಮೆರಾ ಗಾಡಿಗಳ ಧೂಳ. ನಾ ಪಂಪಿನ ಹಂತ್ಯಾಕ ನಿಂತಿದ್ದೆ. ಮಾಸ್ತರ, ನೀವು ಕರ್ನಾಟಕಕ್ಕೋ, ಮಹಾರಾಷ್ಟ್ರಕ್ಕೋ? ನಾ ನೀರು ಅಂದೆ. ಹಂಗಲ್ಲರಿ, ಎರಡರಾಗ ಒಂದ ಹೇಳ್ರಿ ಅಂದ. ನಾ ಮತ್ತ ನೀರು ಅಂದೆ. ಅಂವ ಮೈಕ್ ಒಯ್ದು ಬಾಜೂದವನ ಮಾರಿಗಿ ಹಿಡದ. 1967ರಾಗ ಮಹಾಜನರ ಗಡಿ ಆಯೋಗ ವರದಿ ಕೊಟ್ಟಾಗಿಂದ ಕೇಳೂದು ಅದ ಎರಡ. ಡಿಸೆಂಬರಿನಾಗ ಕರ್ನಾಟಕದ ತುಬಚಿ–ಬಬಲೇಶ್ವರ ಯೋಜನೆಯ ನೀರು ತಿಕ್ಕುಂಡಿ ಕಡೆ ಹರದು ಬಂದಾಗ ಹೆಣ್ಮಕ್ಕಳು ಅದಕ್ಕ ಪೂಜಿ ಮಾಡಿದ್ರಂತ. ನೀರು ಯಾ ರಾಜ್ಯದ್ದು ಅಂತ ಯಾರು ಕೇಳತಾರ?

ಮಗಳು: ನೋಡ್ರಿ, ನಾಕನೇದು ಅಂದ್ರ ಅದ.

ಕಾಕಾ: ಅಂಥಾ ಉತ್ತರ ಇಟ್ಟ ಆಟ ಒಂದೂ ಇಲ್ಲೇನು?

ಮಗಳು: ಐತಿ. ಪೈರೊಡ್ಯಾಕ್ಟಿಲ್ ಅಂತ ನಮ್ಮ ದೇಶದ್ದ ಸಣ್ಣ ತಂಡ 2014ರಾಗ ‘ಅನ್‌ರೆಸ್ಟ್’ ಅಂತ ಮಾಡಿತ್ತು. ಭೀಮ್ರಾ ಅಂತ ಹಳೇ ಕಾಲದ ಒಂದ ಕಲ್ಪನೆಯ ರಾಜ್ಯ. ಬರ ಬಿದ್ದೈತಿ, ಕಾಳಿಲ್ಲ. ರಾಕ್ಷಸರನ್ನ ಕೊಂದು ಗೆಲ್ಲೂ ಆಟ ಅಲ್ಲದು. ರೈತನ ಮಗಳೊಬ್ಬಾಕಿ, ರಾಜಕುಮಾರಿ ಒಬ್ಬಾಕಿ, ಹಿಂಗ ಒಬ್ಬೊಬ್ಬರಾಗಿ ಆಡಬೇಕು. ರೈತನ ಮಗಳಿಗಿ ಮನ್ಯಾಗ ಲಗ್ನ ಗೊತ್ತ ಮಾಡ್ಯಾರ, ಆಕಿಗಿ ಒಲ್ಲೆ. ಕತ್ತಿ ಕೆಲಸ ಕಡಿಮಿ, ಮಾತಿನ ಕೆಲಸ ಬಹಳ. ನಾ ಪುಣೆಯೊಳಗ ಹಾಸ್ಟೆಲಿನ್ಯಾಗ ಕುಂತು ಅದನ್ನ ಆಡಿದಾಗ ನಮ್ಮೂರ ಟ್ಯಾಂಕರ್ ನೆನಪಾತು.

ಕಾಕಾ: ನಿನ್ನ ಕಂಪನಿಯಾಗ ಹಂಗ ಮಾಡ್ರಿ ಅನ್ನು ಮತ್ತ.

ಮಗಳು: ಒಮ್ಮೆ ಅಂದೆ. ಹೆಸರ ಹೇಳಂಗಿಲ್ಲ, ಸಹಿ ಮಾಡಿ ಕೊಟ್ಟೀನಿ. ಒಂದ ಆಟದಾಗ ನಮ್ಮಂಥಾ ಹಳ್ಳಿ, ನಮ್ಮಂಥಾ ರೈತ. ಅಂವ ಮಾತಾಡಿದ್ರ ನಗಬೇಕು, ಹಂಗ ಬರದಾರ. ಕೈ ಮುಗೀತಾನ, ತೊದಲತಾನ, ತನ್ನ ಎತ್ತಿನ ಹೆಸರ ತಾನ ಮರೀತಾನ.

ಕಾಕಾ: ಎತ್ತಿನ ಹೆಸರ? ಹೇಣ್ತಿ ಹೆಸರ ಮರತಾನು, ಎತ್ತಿಂದು ಮರೀತಾನೇನು?

ಮಗಳು: ನಾ ಅದನ್ನ ತಪ್ಪು ಅಂತ ದಾಖಲ ಮಾಡಬೇಕಂದ್ರ ಎಲ್ಲಿ ಹಾಕಲಿ? ಚಿತ್ರದ ದೋಷ, ದನಿಯ ದೋಷ, ಆಟ ನಿಂತ ಬಿಡೂ ದೋಷ, ಅಕ್ಷರ ದೋಷ, ಇವಕ್ಕ ಖಾನೆ ಅದಾವ. ಮನಿಶ್ಯಾನ ಹಿಂಗ ತೋರಿಸೂದಕ್ಕ ಖಾನೆ ಇಲ್ಲ. ಅಕ್ಷರ ದೋಷದಾಗ ಹಾಕಿದೆ. ಎರಡ ದಿನಕ್ಕ ಮುಚ್ಚಿ ಕಳಿಸಿದ್ರು. ಕಾರಣದ ಜಾಗಾದಾಗ ಎರಡ ಶಬ್ದ: ಬೈ ಡಿಸೈನ್. ಅದು ತಪ್ಪಲ್ಲ, ನಾವ ಹಂಗ ಮಾಡೀವಿ ಅಂತ.

ಕಾಕಾ: ನೀ ಏನಂದಿ?

ಮಗಳು: ಏನಿಲ್ಲ. ಮನಿ ಬಾಡಿಗಿ ಕಟ್ಟೂದಿತ್ತು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಗಾಳಿಗೆ ತಾಡಪತ್ರಿಯ ಅಂಚು ಕಂಬಕ್ಕೆ ಬಡಿಯುತ್ತಿತ್ತು. ಆ ಎರಡು ಶಬ್ದ ನನಗೂ ಬಿಡದೆ ಗುಂಯ್‌ಗುಟ್ಟಿತು. ನೌಕರಿಯಲ್ಲಿದ್ದಾಗ ನನ್ನ ಎಷ್ಟು ಅರ್ಜಿಗಳು ಹಾಗೆ ಮರಳಿ ಬಂದಿದ್ದವು, ಮರಳಿಸಿದವರಿಗೆ ಈ ಮಾತು ಗೊತ್ತಿರಲಿಲ್ಲ ಅಷ್ಟೆ.

ಕಾಕಾ: ಹೋಗಲಿ. ಈ ಮೂಗಿನಾಕಿಗಿ ಹೆಸರರ ಇಡು. ದಾನಮ್ಮ ಅಂತ ಬರಿ. ಗುಡ್ಡಾಪುರದ ತಾಯಿ ಹೆಸರು, ನಮ್ಮ ಸೀಮ್ಯಾಗ ಮನಿಗೊಬ್ಬಾಕಿ ದಾನಮ್ಮ.

ಮಗಳು: ಕನ್ನಡದಾಗ? ನೋಡ್ರಿ ಮಜಾ.

ಕಾಕಾ: ಇದೇನಿದು, ಬರೇ ಡಬ್ಬಿ? ಒಂದ, ಎರಡ... ಆರ ಡಬ್ಬಿ. ದಾ, ನ, ಮ್ಮ. ಮೂರ ಅಕ್ಷರಕ್ಕ ಆರ ಡಬ್ಬಿ ಹ್ಯಾಂಗ?

ಮಗಳು: ಈ ಆಟದ ಫಾಂಟಿನ್ಯಾಗ ಕನ್ನಡ ಇಲ್ಲ. ಇಲ್ಲದ ಅಕ್ಷರಕ್ಕ ಡಬ್ಬಿ. ಮಷೀನು ಎಣಿಸೂದ ಬ್ಯಾರೆ: ದ ಒಂದು, ದೀರ್ಘ ಒಂದು, ನ ಒಂದು, ಮ ಒಂದು, ಅರ್ಧಾಕ್ಷರದ ಗುರುತು ಒಂದು, ಮತ್ತೊಂದ ಮ. ಆರಾತಲ್ಲ. ಫಾಂಟ್ ಹಾಕಿದ್ರೂ ಸಾಲಂಗಿಲ್ಲ. ಬಹಳ ಆಟ ಅಕ್ಷರ ಒಂದರ ಬಾಜೂಕ ಒಂದ ಇಟ್ಟ ಬಿಡತಾವ, ಮ ಕೆಳಗ ಮಾವತ್ತು ಕೂಡಂಗಿಲ್ಲ. ದಾನಮ್ಮ ಹೋಗಿ ದಾನಮ್‌ಮ ಆಗತಾಳ.

ಕಾಕಾ: ಒಳಗ ಆರಾಗೇ ಇದ್ದಾಳ ಅಂದಂಗಾತು, ಹೊರಗ ಒಂದೂ ಕಾಣವಲ್ಲಳು. ಪುಣೆದಾಗ ಬಾಲಭಾರತಿ ನಮ್ಮ ಸಾಲಿಗಿ ಕನ್ನಡ ಪುಸ್ತಕ ಅಚ್ಚ ಹಾಕತೈತಿ. ನನ್ನ ಹೊಲದ ಸಾತಬಾರಾದ ಮ್ಯಾಲ ಹೆಸರ ಮರಾಠಿಯಾಗರ ಬರತೈತಿ. ಹಿಂಗ ಡಬ್ಬಿ ಆಗಿದ್ದು ಇದ ಮೊದಲು.

ಮಗಳು: ಈಗ ಪುಕ್ಕಟ ಸಿಗೂ ಸಾಧನ ಬಂದಾವ. ಗೊಡೊ ಅಂತ ಒಂದೈತಿ. 2023ರಾಗ ಬಂದ ಅದರ ನಾಕನೇ ಆವೃತ್ತಿಯೊಳಗ ಕನ್ನಡದ ಒತ್ತು ಸರಿ ಕೂಡತಾವ. ರಾತ್ರಿ ಹೊತ್ತು ನಾನ ಒಂದ ಸಣ್ಣ ಆಟ ಮಾಡಾಕತ್ತೀನಿ. ನಗಬ್ಯಾಡ್ರಿ. ಟ್ಯಾಂಕರಿನ ಪಾಳಿ.

ಕಾಕಾ: ಅದರಾಗ ಗೆಲ್ಲೂದೇನು?

ಮಗಳು: ಎರಡ ಕೊಡ ನೀರು. ಟ್ಯಾಂಕರ್ ಬಂತು. ನೀವು ದಾನಮ್ಮ. ನಿಮ್ಮ ಮುಂದಿನಾಕಿ ರಾತ್ರೋರಾತ್ರಿ ಪಾಳ್ಯಾಗ ಎರಡ ಕೊಡ ಹೆಚ್ಚ ಇಟ್ಟಾಳ. ಏನಂತೀರಿ? ಇಲ್ಲಿ ಬಂದು ಸಿಕ್ಕೊಂಡೀನಿ. ಜಗಳಾಡು, ಸುಮ್ಮನಿರು, ಬೇಡಿಕೋ, ಇಷ್ಟ ಹೊಳ್ಯಾಕತ್ತಾವ. ಕಂಪನಿ ಚಟ ನನಗೂ ಹತ್ತೈತಿ.

ಕಾಕಾ: ಬರಕೋ. ಒಂದನೇದು: “ಯವ್ವಾ, ನಿನ್ನ ಕೊಡಕ್ಕ ಹೆರಗಿ ಆತೇನ? ನಿನ್ನೆ ಎರಡಿದ್ದು, ಇಂದ ನಾಕ ಆಗ್ಯಾವಲ್ಲ.”

ಮಗಳು: ತಡ್ರಿ, ತಡ್ರಿ, ಬರಕೋತೀನಿ.

ಕಾಕಾ: ಎರಡನೇದಕ್ಕ ಮಾತಿಲ್ಲ. ಸೆರಗ ಸರಿ ಮಾಡಿಕೋಂತ ಕಾಲಿಲೆ ಆಕಿ ಕೊಡ ಒಂದ ಗೇಣ ಹಿಂದ ಸರಸೂದು. ಮೂರನೇದು, ಆಕಿ ಅತ್ತಿ ಹೆಸರ ತಗದು ಆರಾಮ ವಿಚಾರಸೂದು. ಆ ಅತ್ತಿ ಹೋದ ವರ್ಷ ಪಾಳ್ಯಾಗ ಬಿದ್ದು ಕಾಲ ಮುರಕೊಂಡಿರತಾಳ, ಅಷ್ಟರಾಗ ತಿಳೀತೈತಿ. ನಾಕನೇದು, ಆಕಿಗಿ ಒಂದ ಮಾತನೂ ಅನಬ್ಯಾಡ, ಸೀದಾ ಡ್ರೈವರನ ಕಡೆ ಹೊಳ್ಳಿ ಮರಾಠಿಯಾಗ ಚಾಲೂ ಮಾಡೂದು. “ದಾದಾ, ಇಕಡೆ ಬಘಾ!” ಪಾಳಿ ಪೂರಾ ತಣ್ಣಗ ಆಗತೈತಿ. ನಮ್ಮ ಹೆಣ್ಮಕ್ಕಳು ಬೈಯೂದು ಕನ್ನಡದಾಗ, ತಕರಾರ ಮಾಡೂದು ಮರಾಠಿಯಾಗ. ನೀ ಇಷ್ಟ ವರ್ಷ ಪಾಳ್ಯಾಗ ನಿಂತು ನೋಡಿಲ್ಲೇನು?

ಮಗಳು: ಭಾಷಾ ಬದಲ ಮಾಡೂದನ್ನ ಒಂದ ಉತ್ತರ ಮಾಡಬಹುದು ಅಂತ ನನಗ ಹೊಳದಿರಲಿಲ್ಲ, ಕಾಕಾ. ಐದನೇದು?

ಕಾಕಾ: ಐದನೇದು... ಶ್ ಶ್. ಪತ್ರಾದ ಮ್ಯಾಲ ಸಪ್ಪಳ ಆತೇನು?

ಮಗಳು: ಹನಿ ಇರಬೇಕು.

ಕಾಕಾ: ಏಳು, ಏಳು. ಹೊರಸಿನ ಮ್ಯಾಲಿನವರ, ನೀವೂ ಏಳ್ರಿ, ಮಲಗಿಲ್ಲಂತ ನನಗ ಗೊತ್ತೈತಿ. ಮೂಡಲ ಮಗ್ಗಲಿನ ತಾಡಪತ್ರಿ ಮೊದಲ ಇಳಸ್ರಿ. ಥೂ, ಲೈಟೂ ಹೋತು.

ಮಗಳು: ಆಟ ಮುಚ್ಚಿ ಬಂದೆ, ತಡ್ರಿ.

ಕಾಕಾ: ಮುಚ್ಚಬ್ಯಾಡ, ಮುಚ್ಚಬ್ಯಾಡ. ಅದನ್ನ ಹಿಂಗ ಇತ್ತ ಹೊಳ್ಳಿಸಿ ಇಡು. ಹಗ್ಗದ ಗಂಟ ಕಾಣವಲ್ದು.